ಮಾತ್ರೆಯ ನಡುವಿನ ಗೆರೆ

ನನ್ನ ಮಗಳು ಎಂಜಿನಿಯರಿಂಗೋ ಟೀಚರ್ ಟ್ರೈನಿಂಗೋ ಓದಿದ್ದರೆ ಬೀದಿಯವರಿಗೆ ವಿವರಿಸುವ ಕಷ್ಟ ನನಗಿರುತ್ತಿರಲಿಲ್ಲ. ಪದವಿ ಮುಗಿಸಿ ಅವಳು ಸೇರಿದ್ದು ಸಾರ್ವಜನಿಕ ಆರೋಗ್ಯ ಎಂಬ ಸ್ನಾತಕೋತ್ತರ ಕೋರ್ಸಿಗೆ. ಡಾಕ್ಟರ್ ಆಗ್ತಾಳಾ ಎಂದವರಿಗೆ ಇಲ್ಲ ಎನ್ನಬೇಕು, ಹಾಗಾದರೆ ನರ್ಸಾ ಎಂದವರಿಗೆ ಅದೂ ಅಲ್ಲ ಎನ್ನಬೇಕು. ಕೇಳಿದವರು ಮುಂದೇನು ಕೇಳಬೇಕೆಂದು ತೋಚದೆ ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಕೊನೆಗೆ ನನ್ನ ಅಕ್ಕನೇ ಒಂದು ಉತ್ತರ ಹೊಂದಿಸಿಕೊಂಡಳು.

"ಕಾಯಿಲೆ ಬಿದ್ದವರನ್ನ ನೋಡೋರು ಡಾಕ್ಟ್ರು. ನಮ್ಮ ಹುಡುಗಿ ನೋಡೋದು, ಇನ್ನೂ ಬೀಳದೆ ಇರೋರಲ್ಲಿ ಯಾರು ಮೊದಲು ಬೀಳ್ತಾರೆ ಅಂತ."

"ಅದಕ್ಕೆ ಕಾಲೇಜು ಬೇರೆ ಬೇಕಾ?" ಎಂದಳು ಎದುರುಮನೆಯ ಗಿರಣಿ. "ನನ್ನ ಕೇಳಿದ್ರೆ ನಾನೇ ಹೇಳ್ತಿದ್ದೆ. ನಿಮ್ಮಕ್ಕ ಮೊದಲು, ಆಮೇಲೆ ನಾನು. ನಾನು ಎರಡನೆಯವಳು ಯಾಕಂದ್ರೆ ನನಗೆ ಮಾತು ಮುಗಿಸೋದಿರತ್ತೆ."

ಬಾಯಿ ಬಿಟ್ಟರೆ ನಿಲ್ಲದೆ ಓಡುವುದರಿಂದ ಅವಳಿಗೆ ಗಿರಣಿ ಎಂದು ಹೆಸರು ಬಿದ್ದಿತ್ತು. ಅವಳ ಸ್ವಂತ ಗಂಡನೂ ಹಾಗೇ ಕರೆಯುತ್ತಿದ್ದ. ಅಕ್ಕ ಮದುವೆಯಾಗದೆ ನನ್ನ ಜೊತೆಯಲ್ಲೇ ಉಳಿದವಳು. ನಾನು ಕೆಲಸಕ್ಕೆ ಹೋದಾಗ ಮಗಳನ್ನು ಅವಳು, ಅವಳು ಹೋದಾಗ ನಾನು, ಹೀಗೆ ಪಾಳಿ ಹಾಕಿಕೊಂಡು ಬೆಳೆಸಿದೆವು. ಮೊದಲ ಹಲ್ಲು ಬಿದ್ದಾಗ ಮಗು ಓಡಿಹೋಗಿ ತೋರಿಸಿದ್ದು ದೊಡ್ಡಮ್ಮನಿಗೆ.

ನಮ್ಮ ಬೀದಿಯ ಎರಡೂ ಬದಿಯ ಹೆಂಗಸರಲ್ಲಿ ಮುಕ್ಕಾಲು ಪಾಲು ಒಂದೇ ಲಾಂಡ್ರಿಯಲ್ಲಿ ದುಡಿಯುತ್ತೇವೆ. ಆಸ್ಪತ್ರೆಗಳ ಬೆಡ್‌ಶೀಟು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ ವ್ಯಾನಿನಲ್ಲಿ ಬಂದು ಬೀಳುತ್ತವೆ. ಒಗೆದ ಶೀಟನ್ನು ಒದ್ದೆಯಿರುವಾಗಲೇ ಇಬ್ಬರು ಆಚೆಗೊಬ್ಬಳು ಈಚೆಗೊಬ್ಬಳು ಹಿಡಿದು, ಒಣಗಿಸಿ ಇಸ್ತ್ರಿ ಮಾಡುವ ಕಾದ ರೋಲರಿನ ಬಾಯಿಗೆ ಕೊಡಬೇಕು. ಇಬ್ಬರ ಕೈ ಒಂದೇ ಸಮ ಹೋಗದಿದ್ದರೆ ಶೀಟು ಸೊಟ್ಟಗಾಗಿ ಸುತ್ತಿಕೊಳ್ಳುತ್ತದೆ, ಬೆರಳೂ ಸಿಕ್ಕಿಕೊಳ್ಳಬಹುದು. ಅದಕ್ಕೇ ಜೋಡಿ ಒಂದು ಸಲ ಕೂಡಿತೆಂದರೆ ಯಾರೂ ಬದಲಾಯಿಸುವುದಿಲ್ಲ. ಅಕ್ಕ ಮತ್ತು ಗಿರಣಿ ಎಷ್ಟೋ ವರ್ಷಗಳಿಂದ ಒಂದೇ ಶೀಟಿನ ಎರಡು ತುದಿ. ನಾನು ಪಕ್ಕದ ಕೋಣೆಯಲ್ಲಿ ಶೀಟು ಮಡಿಸುವವಳು. ನಮ್ಮ ಕಡೆ ಹಬೆ ಕಡಿಮೆ, ನಮ್ಮ ಊಟದ ಹೊತ್ತೂ ಬೇರೆ.

ಮಗಳ ಅಪ್ಪ ಆ ವ್ಯಾನಿನ ಡ್ರೈವರಾಗಿದ್ದರು. ಮಗು ಮಾತು ಕಲಿತಾಗಿನಿಂದ ಎಲ್ಲದಕ್ಕೂ ಯಾಕೆ, ಯಾಕೆ ಎನ್ನುತ್ತಿದ್ದುದರಿಂದ ಅವಳಿಗೆ ಯಾಕಮ್ಮ ಎಂದು ಹೆಸರಿಟ್ಟವರು ಅವರೇ. ಅವರಿಗೆ ತಲೆನೋವು ಬರುತ್ತಿತ್ತು. ಸರಕಾರಿ ಕ್ಲಿನಿಕ್ಕಿಗೆ ಹೋಗಬೇಕೆಂದುಕೊಳ್ಳುತ್ತಿದ್ದರು; ವ್ಯಾನು ಲಾಂಡ್ರಿಗೆ ಮರಳುವ ಹೊತ್ತಿಗೆ ಕ್ಲಿನಿಕ್ಕಿನ ಬಾಗಿಲು ಹಾಕಿರುತ್ತಿತ್ತು. ಒಂದು ಮಧ್ಯಾಹ್ನ ವ್ಯಾನಿನಿಂದ ಇಳಿದವರು ಅಂಗಳದಲ್ಲೇ ಕುಸಿದರು, ಮತ್ತೆ ಏಳಲಿಲ್ಲ. ಬಿ.ಪಿ. ಏರಿ ಮಿದುಳಿನ ನರ ಒಡೆದಿದೆ ಎಂದರು ದೊಡ್ಡಾಸ್ಪತ್ರೆಯಲ್ಲಿ. ಅವರಿಗೆ ಬಿ.ಪಿ. ಇತ್ತೆಂಬುದೇ ನಮಗೆ ಆಗ ಗೊತ್ತಾದದ್ದು. ಹೈಸ್ಕೂಲಿನಲ್ಲಿದ್ದ ಮಗಳು ಅಳಲಿಲ್ಲ. ಮಣ್ಣು ಮಾಡಿ ಬಂದ ವಾರದಲ್ಲೇ ಕ್ಲಿನಿಕ್ಕಿಗೆ ಹೋಗಿ, ನೀವು ಯಾಕೆ ಇಷ್ಟು ಬೇಗ ಮುಚ್ಚುತ್ತೀರಿ ಎಂದು ಕೇಳಿ ಬಂದಳಂತೆ. ಅಲ್ಲಿನವರು ರೂಲ್ಸ್ ಎಂದರಂತೆ. ರೂಲ್ಸು ಯಾಕೆ ಹಾಗಿದೆ ಎಂದು ಕೇಳಿದ್ದಕ್ಕೆ ಹೊರಗೆ ಕಳಿಸಿದರಂತೆ. ಅವಳ ಓದಿನ ದಾರಿ ಅಲ್ಲಿಂದಲೇ ಶುರುವಾಯಿತೆಂದು ಈಗ ಅನ್ನಿಸುತ್ತದೆ. ಆಗ ನಾನು ಬೈದಿದ್ದೆ.

ಕೋರ್ಸಿನ ಎರಡನೆಯ ವರ್ಷ ಪ್ರತಿಯೊಬ್ಬರೂ ಒಂದು ಸಂಶೋಧನೆ ಮಾಡಬೇಕು. ಉಳಿದವರು ಯಾವುದೋ ಆಸ್ಪತ್ರೆಯ ಹಳೆಯ ಲೆಕ್ಕ ತೆಗೆದುಕೊಂಡು ಕೂತರೆ, ಇವಳು ನಮ್ಮ ಬೀದಿ, ಅಕ್ಕಪಕ್ಕದ ಬೀದಿಗಳನ್ನೇ ಆರಿಸಿಕೊಂಡಳು. ಜನ ಕ್ಲಿನಿಕ್ಕಿಗೆ ಹೋಗಲಾಗದಿದ್ದರೆ ಕ್ಲಿನಿಕ್ಕೇ ಜನರ ಮನೆಗೆ ಬರಲಿ; ಕೆಲಸ ಮುಗಿಸಿ ಬಂದ ಮೇಲೆ, ಸಂಜೆ, ಒಬ್ಬಳು ನರ್ಸು ಬಾಗಿಲಿಗೇ ಬಂದು ಬಿ.ಪಿ. ನೋಡಿ ಮಾತ್ರೆ ಕೊಟ್ಟುಹೋದರೆ ಎಷ್ಟು ಜನ ಉಳಿದಾರು? ಆರೋಗ್ಯ ಇಲಾಖೆಯ ಕಚೇರಿಯವರು ಒಂದು ವರ್ಷದ ಮಟ್ಟಿಗೆ ನರ್ಸನ್ನೂ ಮಾತ್ರೆಯನ್ನೂ ಕೊಡಲು ಒಪ್ಪಿದರು. ಒಂದೇ ಷರತ್ತು: ಇದರಿಂದ ಪ್ರಯೋಜನವಿದೆಯೆಂದು ಅಂಕಿಯಲ್ಲಿ ತೋರಿಸಬೇಕು. ತೋರಿಸಿದರೆ ಕೆಲಸಗಾರರಿರುವ ಎಲ್ಲ ಬೀದಿಗಳಿಗೂ ನರ್ಸು ಬರುತ್ತಾಳೆ. ಇಲ್ಲವಾದರೆ ವರ್ಷದ ಕೊನೆಗೆ ನಮ್ಮ ಬೀದಿಗೂ ಇಲ್ಲ.

ತೋರಿಸುವುದು ಹೇಗೆ? ಹೋಲಿಸಬೇಕು. ಕೆಲವರಿಗೆ ಕೊಟ್ಟು, ಕೆಲವರಿಗೆ ಕೊಡದೆ. ಲಾಂಡ್ರಿಯ ಸುತ್ತಲಿನ ಬೀದಿಗಳಲ್ಲಿ ಒಂದು ಬದಿಗೆ ನರ್ಸು, ಇನ್ನೊಂದು ಬದಿಗೆ ಬರೀ ಒಂದು ಚೀಟಿ: ನಿಮ್ಮ ಬಿ.ಪಿ. ಹೆಚ್ಚಿದೆ, ಕ್ಲಿನಿಕ್ಕಿಗೆ ಹೋಗಿ. ವರ್ಷವಿಡೀ ಎರಡೂ ಬದಿಯವರ ಬಿ.ಪಿ. ಅಳೆಯುವವಳು ನನ್ನ ಮಗಳು.

ಅವಳ ಪ್ರೊಫೆಸರಮ್ಮ ಮೊದಲೇ ಕೇಳಿದ್ದರಂತೆ, ಒಂದೇ ಬೀದಿಯ ಎರಡು ಬದಿ ಯಾಕೆ, ದೂರ ದೂರದ ಎರಡು ಊರು ತಗೊಳ್ಳಬಾರದೇ ಎಂದು. ಮಗಳು ಒಪ್ಪಲಿಲ್ಲ. ಊರು ಬೇರೆಯಾದರೆ ನೀರು ಬೇರೆ, ದುಡಿಮೆ ಬೇರೆ. ಏರಿದ್ದೂ ಇಳಿದದ್ದೂ ಯಾವುದರಿಂದ ಎಂದು ಹೇಳಲಾಗುವುದಿಲ್ಲ. ನಮ್ಮ ಬೀದಿಯಲ್ಲಾದರೆ ಎರಡೂ ಬದಿಗೆ ಅದೇ ಹಬೆ, ಅದೇ ನಲ್ಲಿ, ಅದೇ ಗಾತ್ರದ ಕೋಣೆ. ಮಾತ್ರೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ಒಂದೇ. ಇದಕ್ಕಿಂತ ಚೊಕ್ಕ ಹೋಲಿಕೆ ಎಲ್ಲಿ ಸಿಗುತ್ತದೆ ಎಂದು ವಾದಿಸಿ ಗೆದ್ದಳು. ಗೆದ್ದ ದಿನ ಮನೆಗೆ ಕುಣಿಯುತ್ತಾ ಬಂದಳು.

ಯಾವ ಬದಿಗೆ ನರ್ಸು ಎಂಬುದನ್ನು ಕಾಲೇಜಿನ ಕಂಪ್ಯೂಟರು ಚೀಟಿ ಎತ್ತಿದಂತೆ ಆರಿಸಿತು. ನಮ್ಮ ಬೀದಿಯಲ್ಲಿ ಅದು ಆರಿಸಿದ್ದು ಎದುರುಬದಿಯನ್ನು. ಗಿರಣಿಗೆ ನರ್ಸು, ನಮಗೆ ಚೀಟಿ.

ಶುರುವಿಗೆ ಮುನ್ನ ಲಾಂಡ್ರಿಯ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಅವಳು ಮಾತಾಡಿದಳು. ನಾನು ಮಡಿಸುವ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದೆ. ಕಾಯಿಲೆ ಹಣೆಬರಹವಲ್ಲ ಎಂದಳು. ಯಾರ ಕೆಲಸ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಕ್ಲಿನಿಕ್ಕು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದರ ಮೇಲೆ ಆಯುಷ್ಯ ನಿಂತಿರಬಾರದು, ಆರೋಗ್ಯ ಎಲ್ಲರಿಗೂ ಸಮವಾಗಿ ಸಿಗಬೇಕು ಎಂದಳು. ಹೆಂಗಸರು ತಲೆದೂಗಿದರು. ನನ್ನ ಎದೆ ಒಂದು ಗೇಣು ಉಬ್ಬಿತು. ಆಮೇಲೆ ನಿಯಮ ಹೇಳಿದಳು: ಯಾವ ಬದಿಗೆ ಏನು ಬಂದಿದೆಯೋ ಅದು ಒಂದು ವರ್ಷ ಬದಲಾಗುವುದಿಲ್ಲ, ದಯವಿಟ್ಟು ಕಾಯಬೇಕು. ಅದಕ್ಕೂ ತಲೆದೂಗಿದರು. ನಮ್ಮವರು ತಲೆದೂಗುವುದರಲ್ಲಿ ಯಾವತ್ತೂ ಜಿಪುಣರಲ್ಲ.

ಮೊದಲ ಅಳತೆ ನಮ್ಮ ಮನೆಯಲ್ಲೇ ಆಯಿತು. ಅಕ್ಕ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಳು, ಮಗಳು ತೋಳಿಗೆ ಪಟ್ಟಿ ಸುತ್ತಿದಳು. ಯಂತ್ರ ಉಸಿರು ಬಿಟ್ಟಿತು. ಮಗಳು ಅಂಕಿ ನೋಡಿ, ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡೋಣ ಎಂದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಚೀಲದಿಂದ ಚೀಟಿಯ ಕಟ್ಟು ತೆಗೆದು ಒಂದನ್ನು ಹರಿದು ಕೊಟ್ಟಳು. ಕೊಡುವಾಗ ದೊಡ್ಡಮ್ಮನ ಮುಖ ನೋಡಲಿಲ್ಲ.

"ಬೆಳೆಸಿದ್ದಕ್ಕೆ ರಸೀದಿ ಕೊಟ್ಳು ನೋಡು," ಎಂದು ಅಕ್ಕ ನನಗೆ ಹೇಳಿ ನಕ್ಕಳು.

ಚೀಟಿ ಹಿಡಿದು ಅಕ್ಕ ಕ್ಲಿನಿಕ್ಕಿಗೆ ಹೋಗಲಿಲ್ಲ ಎಂದಲ್ಲ. ಮಗಳೇ ಒತ್ತಾಯ ಮಾಡಿ, ಅರ್ಧ ದಿನ ರಜೆ ಹಾಕಿಸಿ ಕಳಿಸಿದಳು. ಬೆಂಚಿನ ಮೇಲೆ ಕೂತು ಕೂತು ಸರದಿ ಹತ್ತಿರ ಬರುವಾಗ ಡಾಕ್ಟರು ಮೀಟಿಂಗಿಗೆ ಹೋದರು, ನಾಳೆ ಬನ್ನಿ ಎಂದರು. ಅಕ್ಕ ಲಾಂಡ್ರಿಗೆ ಮರಳಿದಾಗ ರೋಲರಿನ ಮುಂದೆ ಅವಳ ಜಾಗದಲ್ಲಿ ಬೇರೆಯವಳಿದ್ದಳು, ಗಿರಣಿಯ ಬೆರಳು ಸುಟ್ಟಿತ್ತು. ಸೂಪರ್‌ವೈಸರು ಅಕ್ಕನನ್ನು ಒಂದು ವಾರ ಒದ್ದೆ ಕೋಣೆಗೆ ಹಾಕಿದ, ನೀರು ಸೋರುವ ಗಂಟುಗಳನ್ನು ಎತ್ತುವ ಕಡೆ. ಮತ್ತೆ ಕ್ಲಿನಿಕ್ಕಿನ ಹೆಸರೆತ್ತಿದರೆ ಅಕ್ಕ ಕಿವಿ ಕೇಳಿಸದವಳಂತೆ ಇರುತ್ತಿದ್ದಳು. ಅಂಗಡಿಯಲ್ಲಿ ತರೋಣವೆಂದರೆ ಡಾಕ್ಟರು ಬರೆದುಕೊಡದೆ ಅಂಗಡಿಯವನು ಈ ಮಾತ್ರೆ ಕೊಡುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದ ಹಾಗೆ, ನಮ್ಮಲ್ಲಿ ಪೂಜಾರಿಯೇ ಕೈಗೆ ಸಿಗುತ್ತಿರಲಿಲ್ಲ.

ನಾನು ಒಂದು ದಿನ ತಡೆಯದೆ ಮಗಳನ್ನು ಕೇಳಿದೆ, ನರ್ಸಿನ ಹತ್ತಿರ ಇರುವ ಮಾತ್ರೆಯಲ್ಲಿ ಒಂದು ಸ್ಟ್ರಿಪ್ಪು ನಿನ್ನ ದೊಡ್ಡಮ್ಮನಿಗೆ ಕೊಡಿಸಿದರೆ ಲೋಕ ಮುಳುಗುತ್ತದೆಯೇ ಎಂದು.

"ನಮ್ಮ ಸಾಲಲ್ಲಿ ಇರೋರೆಲ್ಲ ಯಾರದ್ದೋ ದೊಡ್ಡಮ್ಮಂದಿರೇ ಅಮ್ಮ. ಒಬ್ಬರಿಗೆ ಕೊಟ್ರೆ ಎಲ್ಲರಿಗೂ ಕೊಡ್ಬೇಕು. ಎಲ್ಲರಿಗೂ ಕೊಟ್ರೆ ತೋರಿಸೋಕೆ ಏನೂ ಉಳಿಯಲ್ಲ. ಆಮೇಲೆ ಯಾರಿಗೂ ಇಲ್ಲ."

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ಒಪ್ಪಲೂ ಆಗಲಿಲ್ಲ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವಳ ಹಾಗೆ ಕೂತೆ. ಒಳಗಿನಿಂದ ಅಕ್ಕ ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ಬಂದು, ಮಗುವನ್ನ ಯಾಕೆ ಕಾಡ್ತೀಯ, ಒಂದು ವರ್ಷ ತಾನೇ ಎಂದಳು. ಅವಳ ದನಿ ಎಷ್ಟು ನಿಶ್ಚಿಂತೆಯಿಂದಿತ್ತೆಂದರೆ ನನಗೆ ಅದೇ ಅಚ್ಚರಿಯಾಯಿತು.

ಎದುರುಬದಿಗೆ ನರ್ಸು ಬರತೊಡಗಿದಳು. ದಪ್ಪಗಿನ, ಮೆತ್ತನೆ ಮಾತಿನ ಹೆಂಗಸು. ಸಂಜೆ ನಮ್ಮ ಕಿಟಕಿಯಿಂದ ನೋಡಿದರೆ ಗಿರಣಿಯ ಬಾಗಿಲಲ್ಲಿ ಅವಳ ಬಿಳಿ ಚಪ್ಪಲಿ ಕಾಣುತ್ತಿತ್ತು. ಒಂದೆರಡು ತಿಂಗಳಾದರೂ ಗಿರಣಿಯ ಬಿ.ಪಿ. ಸರಿಯಾಗಿ ಇಳಿಯಲಿಲ್ಲ. ಉಪ್ಪು ಹೆಚ್ಚು ತಿನ್ನುತ್ತೀರಿ ಎಂದು ನರ್ಸು ಬೈದಳು. ತಿನ್ನದ ಉಪ್ಪಿನ ಬೈಗುಳವನ್ನು ಗಿರಣಿ ತಲೆಬಾಗಿ ತಿಂದಳು. ಇನ್ನೂ ಇಳಿಯದಿದ್ದಾಗ ದೊಡ್ಡ ಮಾತ್ರೆ ಕೊಟ್ಟಳು. ಎದುರುಬದಿಯ ಬಹಳ ಜನರಿಗೆ ಹೀಗೇ ಆಯಿತೆಂದು ಮಗಳು ಹೇಳುತ್ತಿದ್ದಳು.

ವಿಚಿತ್ರವೆಂದರೆ ನಮ್ಮ ಬದಿಯವರದು ಇಳಿಯುತ್ತಿತ್ತು. ಬಹಳವಲ್ಲ, ಸ್ವಲ್ಪ. ಅಕ್ಕನದೂ ಇಳಿಯಿತು. ನನಗೆ ಸಂತೋಷವಾಯಿತು. ನಗುನಗುತ್ತಾ ಇದ್ದರೆ ಇಳಿಯುತ್ತದೆ ಎಂದು ಅಕ್ಕ ಉಪದೇಶ ಬೇರೆ ಮಾಡುತ್ತಿದ್ದಳು. ಮಗಳು ಮಾತ್ರ ಬಾಡತೊಡಗಿದಳು. ಯಂತ್ರ ಕೆಟ್ಟಿರಬೇಕೆಂದು ಕಾಲೇಜಿಗೆ ಒಯ್ದು ಪರೀಕ್ಷೆ ಮಾಡಿಸಿದಳು, ಕೆಟ್ಟಿರಲಿಲ್ಲ. ಬೇರೆ ಯಂತ್ರ ತಂದಳು. ಅದೂ ಅದನ್ನೇ ಹೇಳಿತು. ಪಟ್ಟಿ ಸುತ್ತುವುದರಲ್ಲಿ ತನ್ನ ಕೈಯೇ ತಪ್ಪುತ್ತಿರಬಹುದೆಂದು ನನ್ನ ತೋಳಿಗೆ ಸುತ್ತಿ ಬಿಚ್ಚಿ ಅಭ್ಯಾಸ ಮಾಡಿದಳು. ಅನ್ನದ ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತಿದ್ದಳು. ತಿನ್ನು ಎಂದರೆ ತಿನ್ನುತ್ತಿದ್ದಳು, ಏನು ತಿಂದೆ ಎಂದರೆ ಗೊತ್ತಿರುತ್ತಿರಲಿಲ್ಲ. ಪ್ರೊಫೆಸರಮ್ಮ ಸಮಾಧಾನ ಹೇಳಿದರಂತೆ, ಮನೆಗೆ ಹೋಗಿ ಕೊಟ್ಟರೂ ಪ್ರಯೋಜನವಿಲ್ಲ ಎಂದು ಗೊತ್ತಾದರೆ ಅದೂ ಒಂದು ಫಲಿತಾಂಶವೇ ಎಂದು. ಮಗಳು ಅದನ್ನು ನನಗೆ ಹೇಳುವಾಗ ತುಟಿ ಕಚ್ಚಿಕೊಂಡಿದ್ದಳು. ಅಪ್ಪ ಬಿದ್ದ ಅಂಗಳ ಅವಳ ಕಣ್ಣ ಮುಂದಿತ್ತೆಂದು ನನಗೆ ಗೊತ್ತಿತ್ತು. ಗೊತ್ತಿದ್ದು ಮಾಡುವುದೇನು? ಅಂಕಿಗಳ ವಿಷಯದಲ್ಲಿ ತಾಯಿ ಏನು ಸಹಾಯ ಮಾಡಿಯಾಳು, ತಲೆಗೆ ಎಣ್ಣೆ ಹಚ್ಚಿದೆ.

ವರ್ಷ ಮುಗಿಯುತ್ತಾ ಬಂದಿದ್ದಾಗ ಒಂದು ದಿನ ಲಾಂಡ್ರಿಯ ಬಾಯ್ಲರು ಕೆಟ್ಟಿತು. ಹಬೆಯಿಲ್ಲದೆ ರೋಲರೂ ಇಲ್ಲ, ಮಡಿಸಲು ಶೀಟೂ ಇಲ್ಲ. ಎಲ್ಲರೂ ಒಟ್ಟಿಗೇ ಊಟಕ್ಕೆ ಹೋಗಿ ಎಂದರು. ರೋಲರಿನವರ ಊಟದ ಕೋಣೆಗೆ ನಾನು ಮೊದಲ ಸಲ ಕಾಲಿಟ್ಟೆ. ಉದ್ದ ಬೆಂಚು, ಗೋಡೆಗೆ ಮೊಳೆ, ಮೊಳೆಗೆ ಚೀಲ. ಹೆಂಗಸರು ರೋಲರಿನ ಮುಂದೆ ನಿಲ್ಲುವ ಹಾಗೆಯೇ ಜೋಡಿ ಜೋಡಿಯಾಗಿ ಎದುರು ಬದುರು ಕೂತಿದ್ದರು. ಊಟ ಮುಗಿದ ಮೇಲೆ ಗಿರಣಿ ಸೊಂಟದಿಂದ ಮಾತ್ರೆಯ ಸ್ಟ್ರಿಪ್ಪು ತೆಗೆದಳು. ಒಂದನ್ನು ಒತ್ತಿ ಅಂಗೈಗೆ ಬೀಳಿಸಿಕೊಂಡಳು, ನೂಲು ಕತ್ತರಿಸುವ ಪುಟ್ಟ ಕತ್ತರಿಯ ತುದಿ ಇಟ್ಟು ಒತ್ತಿದಳು. ಟಕ್ ಎಂದಿತು. ಒಂದು ತುಂಡು ತನ್ನ ಬಾಯಿಗೆ, ಒಂದು ತುಂಡು ಅಕ್ಕನ ಅಂಗೈಗೆ. ಅಂಗೈಗೆ ಅಂಟಿದ ಪುಡಿಯನ್ನು ಅಕ್ಕ ನೆಕ್ಕಿಕೊಂಡಳು. ಬೆಂಚಿನುದ್ದಕ್ಕೂ ಟಕ್, ಟಕ್. ಬೀದಿಯ ಆ ಬದಿಯವಳೊಬ್ಬಳು ಈ ಬದಿಯವಳೊಬ್ಬಳು ಇದ್ದ ಜೋಡಿಗಳೆಲ್ಲ.

ನಾನು ಎದ್ದು ಅವರ ಬೆಂಚಿನ ಹತ್ತಿರ ಹೋದೆ.

"ಅಕ್ಕ, ಇದೇನು ಮಾಡ್ತಿದೀರಿ?"

"ಯಾಕೆ, ಹಂಚ್ಕೊಳ್ತಿದೀವಿ," ಎಂದಳು ಅಕ್ಕ. ಒಂದು ಇಡೀ ಮಾತ್ರೆಯನ್ನು ನನ್ನ ಕಣ್ಣಿಗೆ ಹಿಡಿದಳು. "ನೋಡು, ಕಂಪನಿಯವರೇ ನಡುವೆ ಗೆರೆ ಹಾಕಿ ಕಳಿಸಿದಾರೆ. ಒಬ್ಬರೇ ನುಂಗೋದಾಗಿದ್ರೆ ಗೆರೆ ಯಾಕೆ ಬೇಕಿತ್ತು?"

ಯಾವಾಗಿನಿಂದ ಎಂದು ಕೇಳಿದೆ. ಮೊದಲ ವಾರದಿಂದ ಎಂದರು. ಗಿರಣಿ ತನ್ನ ಎಂದಿನ ಓಟದಲ್ಲಿ ಎಲ್ಲ ಹೇಳಿದಳು. ಶೀಟಿನ ಆ ತುದಿ ಹಿಡಿದವಳು ಇವತ್ತೋ ನಾಳೆಯೋ ಅನ್ನುತ್ತಿರುವಾಗ ಈ ತುದಿಯವಳು ಒಬ್ಬಳೇ ಮಾತ್ರೆ ನುಂಗುವುದು ಹೇಗೆ, ನುಂಗಿದರೂ ಗಂಟಲಲ್ಲಿ ಇಳಿಯುತ್ತದೆಯೇ? ನರ್ಸು ದೊಡ್ಡ ಮಾತ್ರೆ ಕೊಟ್ಟಳು, ಅರ್ಧವೂ ದೊಡ್ಡದಾಯಿತು, ಒಳ್ಳೆಯದೇ ಆಯಿತು. ಪಕ್ಕದ ಬೀದಿಯವರೂ ಹೀಗೇ ಮಾಡುತ್ತಿದ್ದಾರೆ. ಯಾಕಮ್ಮನಿಗೆ ಹೇಳಬೇಡಿ ಎಂದು ಅಕ್ಕನೇ ಎಲ್ಲರಿಗೂ ಹೇಳಿಟ್ಟಿದ್ದಳಂತೆ. ನಿಯಮ ಹಾಕಿದವಳು ಮಗು. ಮುರಿದದ್ದು ಗೊತ್ತಾದರೆ ಕಾಲೇಜಿನಲ್ಲಿ ಅವಳಿಗೆ ತೊಂದರೆಯಾದೀತು. ಗೊತ್ತಿಲ್ಲದಿದ್ದರೆ ಅವಳ ತಪ್ಪಿಲ್ಲ.

ನಾನು ಮನೆಗೆ ಹೋಗಿ ಮಗಳಿಗೆ ಹೇಳಿದೆ. ಹೇಳದಿರಲು ಆಗುತ್ತಿರಲಿಲ್ಲ, ಆ ಹುಡುಗಿ ತನ್ನ ಕೈಯನ್ನೇ ನಂಬದ ಸ್ಥಿತಿಗೆ ಬಂದಿದ್ದಳು. ಕೇಳಿ ಮೊದಲು ನಕ್ಕಳು. ಎಷ್ಟೋ ತಿಂಗಳ ಮೇಲೆ ಅವಳು ನಕ್ಕದ್ದು ನೋಡಿ ನಾನೂ ನಕ್ಕೆ. ಆಮೇಲೆ ಅವಳ ನಗು ನಿಂತಿತು, ನನ್ನದು ಒಂದು ಗಳಿಗೆ ತಡವಾಗಿ ನಿಂತಿತು.

"ಇಬ್ಬರಿಗೂ ಸಾಲಲ್ಲ ಅಮ್ಮ. ಅರ್ಧ ಅಂದ್ರೆ ಅರ್ಧ ರೋಗ ವಾಸಿಯಾಗೋದಲ್ಲ. ಇಬ್ಬರೂ ಅಪಾಯದಲ್ಲೇ ಇದಾರೆ. ಕಾಗದದಲ್ಲಿ ಮಾತ್ರ ಎರಡೂ ಬದಿ ಒಂದೇ ಆಗಿಹೋಯ್ತು."

ಮರುದಿನ ಅವಳು ಊಟದ ಕೋಣೆಗೇ ಹೋದಳು. ಬೈಯಬೇಕೆಂದೇ ಹೋದಳು, ಬೈಯಲಾಗಲಿಲ್ಲ. ಹೇಗೂ ಗೊತ್ತಾಯಿತಲ್ಲ ಎಂದು ಹೆಂಗಸರೇ ಖುಷಿಯಿಂದ ಮುತ್ತಿಕೊಂಡರು. ಸಮವಾಗಿ ಸಿಗಬೇಕು ಅಂತ ನೀನೇ ತಾನೇ ಅಂಗಳದಲ್ಲಿ ಹೇಳಿದ್ದು, ನೀನು ಹೇಳಿದೆ, ನಾವು ಮಾಡಿದೆವು ಎಂದರು. ಪರೀಕ್ಷೆಯಲ್ಲಿ ಎಲ್ಲ ಉತ್ತರ ಸರಿ ಬರೆದ ಮಕ್ಕಳ ಮುಖ. ಮಗಳು ಅವರ ನಡುವೆ ಬೆಂಚಿನ ಮೇಲೆ ಕೂತು, ಪೂರ್ತಿ ಮಾತ್ರೆ ಯಾಕೆ ನುಂಗಬೇಕೆಂದು ಮೆಲ್ಲಗೆ ವಿವರಿಸಿದಳು. ಕೇಳಿದರು, ತಲೆದೂಗಿದರು. ಗಿರಣಿ ಒಂದೇ ಪ್ರಶ್ನೆ ಕೇಳಿದಳು: "ಸರಿ ಕಂದ, ಪೂರ್ತಿ ನುಂಗ್ತೀನಿ. ನಿಮ್ಮ ದೊಡ್ಡಮ್ಮನಿಗೆ ಏನು ಕೊಡ್ತೀಯ?"

ಅದಕ್ಕೆ ಉತ್ತರ ಇಲಾಖೆಯ ಕಚೇರಿಯಲ್ಲಿತ್ತು. ಪ್ರೊಫೆಸರಮ್ಮ ಒಂದು ದಾರಿ ಹೇಳಿದರು. ಮುಚ್ಚಿಡುವುದು ಬೇಡ, ಆದದ್ದನ್ನು ಆದ ಹಾಗೆ ಹೇಳೋಣ. ಜನ ತಮ್ಮ ಪಾಲಿನ ಔಷಧಿಯನ್ನು ಹಂಚಿಕೊಳ್ಳುವಷ್ಟು ಅಗತ್ಯವಿದೆ ಎಂದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಬೀದಿಯ ಹೆಂಗಸೊಬ್ಬಳೇ ಬಂದು ಹೇಳಿದರೆ ಅಧಿಕಾರಿ ಕೇಳಬಹುದು. ಅಕ್ಕ ಹೊರಟಳು. ಅವಳ ಬಟ್ಟೆಗೆ ಗಿರಣಿ ತಾನೇ ಇಸ್ತ್ರಿ ಹಾಕಿಕೊಟ್ಟಳು. ಜೊತೆಗೆ ನಾನೂ ಹೋದೆ.

ತಣ್ಣಗಿನ ಕೋಣೆ, ಉದ್ದ ಮೇಜು, ಪ್ರತಿ ಕುರ್ಚಿಯ ಮುಂದೆ ನೀರಿನ ಬಾಟಲಿ. ಅಕ್ಕ ತನ್ನ ಬಾಟಲಿಯನ್ನು ಮುಟ್ಟಲಿಲ್ಲ. ಅಧಿಕಾರಿ ಕೆಟ್ಟ ಮನುಷ್ಯನಲ್ಲ. ನಮ್ಮನ್ನು ಕೂರಿಸಿ ಮಾತಾಡಿಸಿದ, ಎರಡು ಸಲ ಬಂದ ಫೋನನ್ನು ಕಟ್ ಮಾಡಿದ. ಅವನ ಕಣ್ಣೂ ನಿದ್ದೆಗೆಟ್ಟಂತಿತ್ತು. ಮಗಳು ಗೋಡೆಯ ಮೇಲೆ ಚಿತ್ರ ಬಿಟ್ಟು ಎಲ್ಲ ವಿವರಿಸಿದಳು. ಅವಳು ಅಷ್ಟು ಹೊತ್ತು ಒಂದೇ ಉಸಿರಿನಲ್ಲಿ ಮಾತಾಡುವುದನ್ನು ನೋಡಿರಲಿಲ್ಲ. ಅವನು ಕೊನೆವರೆಗೂ ಕೇಳಿ, ಎರಡೂ ಬದಿಗೆ ವ್ಯತ್ಯಾಸ ಕಂಡಿದೆಯೋ ಇಲ್ಲವೋ ಅಷ್ಟು ಹೇಳಿ ಎಂದ. ಕಂಡಿಲ್ಲ, ಆದರೆ ಕಾಣದಿರಲು ಕಾರಣ ಎಂದು ಅವಳು ಮತ್ತೆ ಶುರುಮಾಡಿದಳು. ಅವನು ಅಕ್ಕನ ಕಡೆ ತಿರುಗಿದ.

ಅಕ್ಕ ಎದ್ದು ನಿಂತಳು. ಹೇಗೆ ಗೆರೆಯ ಮೇಲೆ ಕತ್ತರಿ ಇಡುತ್ತಿದ್ದೆವು, ಹೇಗೆ ಒಂದು ದಿನವೂ ತಪ್ಪಿಸಲಿಲ್ಲ, ಒಂದು ಚೂರು ಪುಡಿಯನ್ನೂ ಚೆಲ್ಲಲಿಲ್ಲ ಎಂದು ಹೇಳಿದಳು. ಇಷ್ಟು ಪ್ರೀತಿಯಿಂದ ತಗೊಂಡಿದ್ದೇವೆ, ಆ ನರ್ಸಮ್ಮನನ್ನು ನಿಲ್ಲಿಸಬೇಡಿ ಎಂದಳು. ನನಗೆ ಅವಳ ಮಾತು ಚೆನ್ನಾಗಿದೆ ಅನ್ನಿಸಿತು. ಮಗಳ ಮುಖ ನೋಡಿದ ಮೇಲೆ ಭಯವಾಯಿತು.

"ಅಂದ್ರೆ ಮನೆ ಬಾಗಿಲಿಗೆ ತಂದುಕೊಟ್ರೂ ಸರಿಯಾಗಿ ತಗೊಳ್ಳಲಿಲ್ಲ," ಎಂದ ಅಧಿಕಾರಿ, ಬರೆದುಕೊಳ್ಳುತ್ತಾ.

"ತಗೊಂಡ್ವಲ್ಲ ಸಾರ್," ಎಂದಳು ಅಕ್ಕ. "ಒಬ್ಬರದ್ದನ್ನ ಇಬ್ಬರು ತಗೊಂಡ್ವಿ."

ಅವನು ನಗಲಿಲ್ಲ, ಗದರಲೂ ಇಲ್ಲ. ಫಲ ಕಾಣದ ಯೋಜನೆಗೆ ಮೇಲಿನವರು ಒಪ್ಪುವುದಿಲ್ಲ, ಕೊಟ್ಟ ಔಷಧಿ ಬೇರೆಯವರ ಹೊಟ್ಟೆಗೆ ಹೋಗುತ್ತದೆಂದು ಗೊತ್ತಾದ ಮೇಲೆ ಮುಂದುವರಿಸಿದರೆ ಹೊಣೆ ತನ್ನ ತಲೆಗೆ ಬರುತ್ತದೆ ಎಂದು ಬಿಡಿಸಿ ಹೇಳಿದ. ಮಗಳು ಇನ್ನೊಂದು ವರ್ಷ ಕೊಡಿ, ಎರಡೂ ಬದಿಗೆ ಕೊಟ್ಟು ನೋಡೋಣ ಎಂದಳು. ಪ್ರೊಫೆಸರಮ್ಮನೂ ಏನೋ ಹೇಳಿದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವನು ಗಡಿಯಾರ ನೋಡಿ, ಎಲ್ಲರಿಗೂ ಕೈಮುಗಿದು ಎದ್ದ.

ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಮಗಳ ಕಡೆ ತಿರುಗಿ, "ನಾನು ಹೇಳಿದ್ದರಲ್ಲಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?" ಎಂದಳು.

"ಇಲ್ಲ ದೊಡ್ಡಮ್ಮ. ನೀನು ಸರಿಯಾಗೇ ಹೇಳಿದೆ."

ಆ ತಿಂಗಳ ಕೊನೆಗೆ ನರ್ಸು ಬರುವುದು ನಿಂತಿತು. ಹೋಗುವ ಮುನ್ನ ಎದುರುಬದಿಯ ಮನೆಮನೆಗೂ ಅವಳು ಕೊಟ್ಟುಹೋದದ್ದು ಅದೇ ಚೀಟಿ: ನಿಮ್ಮ ಬಿ.ಪಿ. ಹೆಚ್ಚಿದೆ, ಕ್ಲಿನಿಕ್ಕಿಗೆ ಹೋಗಿ. ಮಗಳು ಕ್ಲಿನಿಕ್ಕನ್ನು ಸಂಜೆ ತೆರೆದಿಡಿ ಎಂದು ಅರ್ಜಿ ಬರೆದಳು. ಅದನ್ನು ತಗೊಂಡವರು ಮುದ್ರೆ ಒತ್ತಿ ಬದಿಗಿಟ್ಟರು. ಲಾಂಡ್ರಿಯ ಮಾಲೀಕರ ಹತ್ತಿರ ಹೋಗಿ, ತಿಂಗಳಿಗೊಮ್ಮೆ ಜೋಡಿಯಾಗಿ ಅರ್ಧ ದಿನ ರಜೆ ಕೊಡಿ ಎಂದು ಕೇಳಿದಳು. ಜೋಡಿ ಬಿಟ್ಟುಕೊಟ್ಟರೆ ರೋಲರು ನಿಲ್ಲುತ್ತದಮ್ಮ, ಆಸ್ಪತ್ರೆಗೆ ಶೀಟು ಹೋಗದಿದ್ದರೆ ರೋಗಿಗಳ ಗತಿಯೇನು ಎಂದರಂತೆ ಅವರು.

ಅವಳು ಪಾಸಾದಳು, ಒಳ್ಳೆಯ ದರ್ಜೆಯಲ್ಲೇ. ಹೆಂಗಸರು ಮಾತ್ರೆ ಹಂಚಿಕೊಂಡ ಸಂಗತಿಯನ್ನು ಪ್ರಬಂಧದ ಕೊನೆಯಲ್ಲಿ, ಈ ಅಧ್ಯಯನದ ಮಿತಿಗಳು ಎಂಬ ತಲೆಬರಹದ ಕೆಳಗೆ ನಾಲ್ಕು ಸಾಲು ಬರೆಯಲು ಬಿಟ್ಟರಂತೆ. ಪ್ರೊಫೆಸರಮ್ಮ ಅವಳಿಗೆ ಇನ್ನೊಂದು ದೊಡ್ಡ ಸಂಶೋಧನೆಯಲ್ಲಿ ಕೆಲಸ ಕೊಡಿಸುತ್ತೇನೆ ಎಂದಿದ್ದಾರೆ. ಅಲ್ಲಿ ಹೋಲಿಸುವ ಎರಡು ಊರುಗಳ ನಡುವೆ ಒಂದು ದಿನದ ಪ್ರಯಾಣ. ಯಾರಿಗೆ ಯಾರೂ ಏನೂ ಕೊಡುವಂತಿಲ್ಲ. ಹೋಗಲೇ ಅಮ್ಮ ಎಂದು ಕೇಳಿದಳು. ಹೋಗು ಎಂದರೆ ಇವರನ್ನೆಲ್ಲ ಬಿಟ್ಟುಹೋಗು ಎಂದಂತೆ, ಬೇಡ ಎಂದರೆ ಇಷ್ಟು ಓದಿದ್ದು ನೀರಿಗೆ ಹಾಕು ಎಂದಂತೆ. ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದೆ. ಒಲೆ ಹಚ್ಚಿರಲೇ ಇಲ್ಲ.

ಕಳೆದ ರಜಾದಿನ ಬೆಳಿಗ್ಗೆ ಗಿರಣಿ ಬಂದು, ಯಂತ್ರ ಇದ್ದರೆ ಒಂದು ಸಲ ನೋಡು ಕಂದ ಎಂದಳು. ಮಗಳು ಕುರ್ಚಿಯನ್ನು ಬಾಗಿಲಾಚೆ ತಂದು ಹಾಕಿದಳು. ನೋಡುತ್ತಿದ್ದಂತೆ ಎರಡೂ ಬದಿಯಿಂದ ಹೆಂಗಸರು ಬಂದು ನಿಂತರು, ಸಾಲು ಬೀದಿಯನ್ನು ದಾಟಿ ಎದುರುಗೋಡೆ ಮುಟ್ಟಿತು. ಒಬ್ಬೊಬ್ಬಳೂ ಕೂತು ತೋಳು ಚಾಚುವಳು. ಮಗಳು ಪಟ್ಟಿ ಸುತ್ತಿ, ಅಂಕಿ ಓದಿ ಹೇಳುವಳು. ಕೇಳಿದವಳು ಹೂಂ ಎಂದು ಎದ್ದು ಪಕ್ಕಕ್ಕೆ ನಿಲ್ಲುವಳು, ಮನೆಗೆ ಮಾತ್ರ ಹೋಗಳು. ಏನಾದರೂ ಕೊಟ್ಟಾಳೆಂದು ಇರಬೇಕು.

ಅಕ್ಕನ ಸರದಿ ಬಂತು. ಮಗಳು ಒಮ್ಮೆ ನೋಡಿದಳು, ಐದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿದಳು. ಮೊದಲಿದ್ದಲ್ಲಿಗೇ ಹೋಗಿತ್ತು, ಅದಕ್ಕಿಂತಲೂ ಮೇಲೆ.

"ಹೆಚ್ಚಿದೆ ದೊಡ್ಡಮ್ಮ."

"ಇರತ್ತೆ," ಎಂದಳು ಅಕ್ಕ, ತೋಳಿನ ಬಟ್ಟೆ ಇಳಿಸಿಕೊಳ್ಳುತ್ತಾ. "ಈಗ ಏನು ಮಾಡ್ಬೇಕು, ಅದು ಹೇಳು."

ಮಗಳು ಅವಳನ್ನು ನೋಡಿದಳು, ಸಾಲನ್ನು ನೋಡಿದಳು, ಆಮೇಲೆ ನನ್ನನ್ನು. ಸಾಲಿನಲ್ಲಿದ್ದವರೂ ಅವಳ ಬಾಯಿಯನ್ನೇ ನೋಡುತ್ತಿದ್ದರು. ಗಿರಣಿ ಕೂಡ. ನಾನು ಅಕ್ಕನ ಭುಜ ಹಿಡಿದು ಎಬ್ಬಿಸಿದೆ, ಕುರ್ಚಿಯನ್ನು ಮುಂದಿನವಳ ಕಡೆ ಸ್ವಲ್ಪ ಎಳೆದಿಟ್ಟೆ.